ಮಾಯದ ಗಾಯದ ಕಥೆ

ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಲ್ಲಿ ಬೆಳೆಯುವ ಕುಸುಬಿಯ ಎಣ್ಣೆಯನ್ನು ನೀವು ಬಲ್ಲಿರಿ. ಅದರಲ್ಲಿ ಹೇರಳವಾಗಿರುವ ಲಿನೋಲಿಯಿಕ್ ಆಮ್ಲವು ದೇಹಕ್ಕೆ ಬೇಕೇಬೇಕು. ಅದರಿಂದ ದೇಹವು ಅರಾಕಿಡೋನಿಕ್ ಆಮ್ಲವನ್ನು ತಯಾರಿಸಿ ಜೀವಕೋಶಗಳ ಪೊರೆಯಲ್ಲಿ ಇರಿಸಿಕೊಳ್ಳುತ್ತದೆ. ಗಾಯವಾದೊಡನೆ ಈ ಆಮ್ಲವೇ ಪ್ರೋಸ್ಟಾಗ್ಲಾಂಡಿನ್ ಎಂಬ ಸಂದೇಶವಾಹಕವಾಗಿ ಹೊರಬರುತ್ತದೆ. ನೋವು, ಬಾವು, ಗಾಯ ಮಾಯುವುದು, ಮೂರರಲ್ಲೂ ಅದರ ಪಾತ್ರವಿದೆ.

ಈ ವಸ್ತುವಿಗೆ 1935ರಲ್ಲಿ ಹೆಸರಿಟ್ಟವರು ಸ್ವೀಡನ್ನಿನ ಉಲ್ಫ್ ವಾನ್ ಯೂಲರ್. ಆಸ್ಪಿರಿನ್ ಇದರ ತಯಾರಿಕೆಯನ್ನೇ ತಡೆಯುತ್ತದೆಂದು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದರು. 1982ರಲ್ಲಿ ಬರ್ಗ್‌ಸ್ಟ್ರಾಮ್, ಸ್ಯಾಮುಯೆಲ್ಸನ್ ಅವರೊಡನೆ ವೇನ್ ನೊಬೆಲ್ ಪಾರಿತೋಷಕ ಪಡೆದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್ ಕ್ಯಾನ್ಸರ್ ಗಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದರು. ಗಾಯ ಮಾಯ್ದರೆ ಸಂದೇಶ ನಿಲ್ಲಬೇಕು. ಅನೇಕ ಗಡ್ಡೆಗಳಲ್ಲಿ ಅದು ನಿಲ್ಲುವುದಿಲ್ಲ. ಪ್ರೋಸ್ಟಾಗ್ಲಾಂಡಿನ್ ಇ2 ಹೊಸ ರಕ್ತನಾಳಗಳನ್ನು ಕರೆತರುತ್ತದೆ, ರೋಗ ನಿರೋಧಕ ಕೋಶಗಳ ಕೈ ಕಟ್ಟುತ್ತದೆ. ಕಾಯಬೇಕಾದ ವಸ್ತುವೇ ಶತ್ರುವನ್ನು ಸಾಕುತ್ತದೆ.

ಹಾಗೆಂದು ಕುಸುಬಿ ಎಣ್ಣೆಯನ್ನು ದೂರಬೇಡಿ. ವೈದ್ಯರನ್ನು ಕೇಳದೆ ಆಸ್ಪಿರಿನ್ ನುಂಗಲೂಬೇಡಿ. ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ದೂರವಿಡಬೇಕಾದದ್ದು ತಂಬಾಕು, ಗುಟ್ಕಾ. ಅವು ಬಾಯಿಯ ಒಳಪದರವನ್ನು ದಿನವೂ ಕೆರಳಿಸುತ್ತವೆ, ಈ ಸಂದೇಶವನ್ನು ಆರಗೊಡುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಬಾಯಿಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ತಡಮಾಡದೆ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯೂ ಇದೆ. ಬೇಗ ಗುರುತಿಸಿದ ಬಾಯಿ ಕ್ಯಾನ್ಸರನ್ನು ಗುಣಪಡಿಸುವುದು ಬಹುಮಟ್ಟಿಗೆ ಸಾಧ್ಯ.