ನಿದ್ದೆ, ಓಟ ಮತ್ತು ಒಂದು ನಿಮಿಷದ ಲೆಕ್ಕ

ಚಿಕ್ಕಂದಿನಲ್ಲಿ ನನಗೆ ಉಬ್ಬಸ ಇತ್ತು. "ರಾತ್ರಿ ನಿದ್ದೆ ಮಾಡ್ತಾನಾ? ಆಟ ಆಡ್ತಾನಾ?" ಅಂತ ಡಾಕ್ಟರು ಕೇಳಿದರೆ ಉತ್ತರ ಕೊಡುತ್ತಿದ್ದುದು ಅಮ್ಮ. ಎಷ್ಟೋ ರಾತ್ರಿ ನಾನು ಕೆಮ್ಮು ತಡೆದುಕೊಂಡು, ಕಣ್ಣು ಮುಚ್ಚಿ, ಅಲ್ಲಾಡದೆ ಮಲಗಿರುತ್ತಿದ್ದೆ. ಅದು ನಿದ್ದೆಯ ಲೆಕ್ಕಕ್ಕೇ ಸೇರುತ್ತಿತ್ತು ಅಂದುಕೊಂಡಿದ್ದೆ :)

ಈಗ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇರುವ ಮಕ್ಕಳ ಬಗ್ಗೆ ಅಧ್ಯಯನ ಮಾಡುವವರು ಇದೇ ಪ್ರಶ್ನೆಗಳನ್ನು ಮಣಿಕಟ್ಟಿನ ಯಂತ್ರಕ್ಕೂ ಕೇಳುತ್ತಾರೆ. ಅದಕ್ಕೆ ಎಷ್ಟು ಗೊತ್ತಾಗುತ್ತೆ? ಕುತೂಹಲಕ್ಕೆ ಅದರ ಇತಿಹಾಸ ಓದುತ್ತಾ ಕೂತೆ.

ಮೊದಲು ನಿದ್ದೆ. 1951ರಲ್ಲಿ ಶಿಕಾಗೋದಲ್ಲಿ ಯೂಜೀನ್ ಅಸೆರಿನ್ಸ್ಕಿ ತನ್ನ ಎಂಟು ವರ್ಷದ ಮಗನ ತಲೆಗೇ ವೈರು ಅಂಟಿಸಿ ಮಲಗಿಸಿದ. ನಿದ್ದೆಯಲ್ಲೂ ಹುಡುಗನ ಕಣ್ಣುಗುಡ್ಡೆ ಸರಸರ ಓಡುತ್ತಿತ್ತು! 1953ರಲ್ಲಿ ಗುರು ಕ್ಲೈಟ್‌ಮನ್ ಜೊತೆ ಅದನ್ನು ಪ್ರಕಟಿಸಿದ. ಆದರೆ ದಿನಾ ರಾತ್ರಿ ಮಕ್ಕಳಿಗೆ ವೈರು ಅಂಟಿಸೋಕಾಗುತ್ತಾ? 1970ರ ದಶಕದಲ್ಲಿ ಸುಲಭದ ದಾರಿ ಬಂತು: ಕೈಗೆ ಚಲನೆ ಅಳೆಯುವ ಪುಟ್ಟ ಯಂತ್ರ ಕಟ್ಟುವುದು. ಅಲ್ಲಾಡದಿದ್ದರೆ ನಿದ್ದೆ. 1992ರ ಕೋಲ್-ಕ್ರಿಪ್ಕೆ ಸೂತ್ರ ಹಿಂದಿನ ನಾಲ್ಕು ನಿಮಿಷ, ಈ ನಿಮಿಷ, ಮುಂದಿನ ಎರಡು ನಿಮಿಷಗಳ ಚಲನೆಯನ್ನು ಗುಣಿಸಿ ಕೂಡುತ್ತದೆ. ನಾಲ್ಕು ಸಾಲಿನ ಪ್ರೋಗ್ರಾಮ್, ಅಷ್ಟೆ! ಆದರೆ ಆ ಸೂತ್ರ ಹುಟ್ಟಿದ್ದು ದೊಡ್ಡವರ ನಿದ್ದೆಯಿಂದ.

ಇನ್ನು ಆಟ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಸಾ ಕಂಪನಿ ಹೆಜ್ಜೆ ಎಣಿಸುವ 'ಮಾನ್ಪೋ-ಕೇ' ಮಾರಿತು. ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರು. ಆಮೇಲೆ ಬಂದ ಚಲನಮಾಪಕಗಳು ಸಾಮಾನ್ಯವಾಗಿ 60 ಸೆಕೆಂಡಿನ ಚಲನೆಯನ್ನು ಒಟ್ಟು ಮಾಡಿ ಒಂದೇ ಸಂಖ್ಯೆಯಾಗಿ ಇಡುತ್ತಿದ್ದವು.

ಎಡವಟ್ಟು ಇಲ್ಲೇ ನೋಡಿ. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 6ರಿಂದ 10 ವರ್ಷದ 15 ಮಕ್ಕಳನ್ನು ಕೆಲವರು ಪಕ್ಕದಲ್ಲೇ ಇದ್ದು ಗಮನಿಸಿದರು. ಅವರ ಜೋರಾದ ಆಟದ ಒಂದೊಂದು ಸರದಿ ಸಾಮಾನ್ಯವಾಗಿ ಮೂರೇ ಸೆಕೆಂಡು! ಓಡು, ನಿಲ್ಲು, ಮತ್ತೆ ಓಡು. ಒಂದು ನಿಮಿಷದ ಸರಾಸರಿಯಲ್ಲಿ ಆ ಮೂರು ಸೆಕೆಂಡಿನ ಓಟ ಕರಗಿಯೇ ಹೋಗುತ್ತೆ.

ಇದರಿಂದೇನು ಅಂತೀರಾ? ಸಿಸ್ಟಿಕ್ ಫೈಬ್ರೋಸಿಸ್ ಅಂತ ಒಂದು ಆನುವಂಶಿಕ ಕಾಯಿಲೆ ಇದೆ. ಶ್ವಾಸಕೋಶದಲ್ಲಿ ಕಫ ಅಂಟಂಟಾಗಿ ಕಟ್ಟಿಕೊಳ್ಳುತ್ತದೆ. 1992ರಲ್ಲಿ ಪಿಟ್ಸ್‌ಬರ್ಗಿನ ಸಂಶೋಧಕರು 7ರಿಂದ 35 ವರ್ಷದ ಇಂಥ 109 ರೋಗಿಗಳ ವರದಿ ಪ್ರಕಟಿಸಿದರು. ವ್ಯಾಯಾಮ ಪರೀಕ್ಷೆಯಲ್ಲಿ ಹೆಚ್ಚು ಕಸುವು ತೋರಿಸಿದವರಲ್ಲಿ ಎಂಟು ವರ್ಷದ ನಂತರ ಬದುಕಿದ್ದವರು 83%, ಕಡಿಮೆ ತೋರಿಸಿದವರಲ್ಲಿ 28%. ಕಸುವು ಬರೀ ಸೌಮ್ಯ ಕಾಯಿಲೆಯ ಗುರುತೂ ಇರಬಹುದು ಅಂತ ಅವರೇ ಎಚ್ಚರಿಸಿದ್ದರು. ಆದರೂ ಪರೀಕ್ಷೆಯ ಕೋಣೆಯ ಹೊರಗೆ ಮಗು ಎಷ್ಟು ಓಡುತ್ತದೆ ಅನ್ನುವುದು ಸಣ್ಣ ಪ್ರಶ್ನೆಯಲ್ಲ ಅಂತ ನನಗನ್ನಿಸಿತು.

ಈಗಿನ ಯಂತ್ರಗಳು ಸೆಕೆಂಡಿಗೆ ಹತ್ತಾರು ಸಲ ಅಳೆದು ಹಾಗೇ ಇಟ್ಟುಕೊಳ್ಳಬಲ್ಲವು. ಮೂರು ಸೆಕೆಂಡಿನ ಓಟ ಈಗ ಸಿಗುತ್ತೆ. ಆದರೆ ಅಲ್ಲಾಡದೆ ಎಚ್ಚರವಾಗಿರುವ ಮಗು ಅವಕ್ಕೆ ಇವತ್ತಿಗೂ ನಿದ್ದೆ ಮಾಡಿದ ಹಾಗೇ ಕಾಣಬಹುದು. ಅದಕ್ಕೇ ಯಂತ್ರದ ಜೊತೆ ಮನೆಯವರಿಂದ ನಿದ್ದೆಯ ದಿನಚರಿಯನ್ನೂ ಬರೆಸುತ್ತಾರೆ.

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ನೀನು ಎಚ್ಚರ ಇರ್ತಿದ್ದಿದ್ದು ಉಸಿರಿನ ಸದ್ದಲ್ಲೇ ಗೊತ್ತಾಗ್ತಿತ್ತು ಕಣೋ" ಅಂದಳು.

ನಿಮ್ಮಲ್ಲಿ ಉಬ್ಬಸದ ಮಕ್ಕಳನ್ನು ಸಾಕಿದವರಿದ್ದರೆ, ನೀವು ಹೇಗೆ ಅಳೀತಿದ್ರಿ? ಹೇಳಿ.