ಏರಿನಲ್ಲಿ ತಳ್ಳಿದ ಸೈಕಲ್ಲು

ನಮ್ಮ ಮೂಡಿಗೆರೆ ಕಡೆ ಸೈಕಲ್ಲು ಹೊಡೆಯುವವರನ್ನು ಕಂಡರೆ ಬಯಲುಸೀಮೆಯವರಿಗೆ ನಗು. “ಅರ್ಧ ದಾರಿ ನೀವು ಸೈಕಲ್ಲಿನ ಮೇಲೆ, ಇನ್ನರ್ಧ ದಾರಿ ಸೈಕಲ್ಲು ನಿಮ್ಮ ಮೇಲೆ” ಎಂದು ಕಡೂರಿನಿಂದ ವರ್ಗವಾಗಿ ಬಂದ ನಮ್ಮ ಗಣಿತದ ಮೇಷ್ಟ್ರು ಹಾಸ್ಯ ಮಾಡುತ್ತಿದ್ದರು. ಮಾತು ಸುಳ್ಳಲ್ಲ. ಒಂದು ಗುಡ್ಡ ಇಳಿದರೆ ಹಳ್ಳ, ಹಳ್ಳ ದಾಟಿದರೆ ಮತ್ತೊಂದು ಗುಡ್ಡ. ಆದರೂ ಈ ನಗುವಿನಲ್ಲಿ ಒಂದು ಲೆಕ್ಕ ತಪ್ಪಿದೆ ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಆ ಲೆಕ್ಕವನ್ನು ನನಗೆ ಕಲಿಸಿದವಳು ಏಳನೇ ತರಗತಿಗೇ ಶಾಲೆ ಬಿಟ್ಟ ಒಬ್ಬ ಹೆಂಗಸು.

ನಮ್ಮ ಕಡೆಯ ರಸ್ತೆಗಳು ಕಾಫಿಯ ಹಿಂದೆ ಬಂದವು. ಬಾಬಾಬುಡನ್ ಗಿರಿಯಲ್ಲಿ ಬೇರೂರಿದ ಕಾಫಿ ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ತೋಟಗಳಾಗಿ ಹಬ್ಬಿತು. ಬೀಜ ಹೇರೆತ್ತುಗಳ ಬೆನ್ನೇರಿ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಬರುವಾಗ ಅದೇ ಎತ್ತುಗಳ ಮೇಲೆ ಉಪ್ಪು, ಒಣಮೀನು. ದೊರೆಗಳಿಗೆ ಕುದುರೆ ಇತ್ತು, ಆಮೇಲೆ ಕಾರು ಬಂತು. ಉಳಿದವರದೆಲ್ಲ ಕಾಲ್ನಡಿಗೆ.

ಅಷ್ಟರಲ್ಲಿ ದೂರದ ದೇಶಗಳಲ್ಲಿ ಎರಡು ಚಕ್ರದ ಗಾಡಿಯೊಂದು ರೂಪುಗೊಳ್ಳುತ್ತಿತ್ತು. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬವನು ಮಾಡಿದ ಗಾಡಿಗೆ ಪೆಡಲೇ ಇರಲಿಲ್ಲ. ಕೂತು ನೆಲವನ್ನು ಕಾಲಿನಿಂದ ಒದೆಯುತ್ತ ಹೋಗಬೇಕಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಸುಮಾರಾಗಿ ಸಮನಾದ, ಚೈನಿನಿಂದ ಓಡುವ ‘ರೋವರ್’ ಸೈಕಲ್ಲನ್ನು ಹೊರತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಕೊಟ್ಟ. ನಮ್ಮ ದೇಶಕ್ಕೆ ಬಹುಕಾಲ ಸೈಕಲ್ಲು ಹಡಗಿನಲ್ಲೇ ಬರುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸೋನೆಪತ್, ಲೂಧಿಯಾನ, ಮದರಾಸುಗಳಲ್ಲಿ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ತಯಾರಾಗತೊಡಗಿದವು. ಅಲ್ಲಿಂದ ಮುಂದೆ ಎಸ್ಟೇಟಿನ ರೈಟರು, ಟಪ್ಪಾಲಿನವನು, ಹಾಲಿನವನು ಸೈಕಲ್ಲು ಕೊಳ್ಳುವಂತಾಯಿತು. ಲಾರಿಯಲ್ಲಿ ಘಟ್ಟ ಹತ್ತಿ ಬಂದ ಮೀನು ಸೈಕಲ್ಲಿನ ಪೆಟ್ಟಿಗೆಯಲ್ಲಿ ಕೂತು, ಪೋಂ ಪೋಂ ಎನ್ನುತ್ತ ಕೂಲಿಲೈನುಗಳಿಗೆ ಹೋಗುತ್ತಿತ್ತು. ಇವರು ಯಾರೂ ಏರಿನಲ್ಲಿ ಸೈಕಲ್ಲು ತುಳಿದವರಲ್ಲ. ಹೊರೆಯನ್ನು ಸೈಕಲ್ಲಿನ ಮೇಲೆ ಹಾಕಿ ತಳ್ಳಿದರು. ಇಳಿಜಾರಿನಲ್ಲಿ ಹತ್ತಿ ಕೂತರು.

ನಮ್ಮ ತಂದೆ ಎಸ್ಟೇಟ್ ರೈಟರು. ಅವರ ಹರ್ಕ್ಯುಲಿಸ್ ಸೈಕಲ್ಲಿಗೆ ಡೈನಮೋ ದೀಪ ಇತ್ತು. ಶನಿವಾರ ಸಂಜೆ ಅಣ್ಣ ಅದನ್ನು ಕಾಫಿ ಕಣಕ್ಕೆ ಒಯ್ದು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದ. ನಾನೂ ಕಲಿಯುತ್ತೇನೆಂದರೆ ಅಪ್ಪ, “ಈ ಗುಡ್ಡದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ಲು ಯಾಕಮ್ಮಾ?” ಎಂದರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. ಗುಡ್ಡ ಅಣ್ಣನಿಗೂ ಅದೇ ಗುಡ್ಡ ಎಂದು ಆಗ ನನಗೆ ಹೊಳೆಯಲಿಲ್ಲ.

1983ರಲ್ಲಿ ನಾನು ಏಳನೇ ತರಗತಿ ಮುಗಿಸಿದೆ. ಹೈಸ್ಕೂಲು ಆರು ಮೈಲಿ. ಅಣ್ಣ ಸೈಕಲ್ಲಿನಲ್ಲಿ ಹೋಗುತ್ತಿದ್ದ. ನನ್ನನ್ನು ಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು. ಲೈನು ಮನೆಯ ನನ್ನ ಗೆಳತಿಗೆ ಪೇಟೆಯಲ್ಲಿ ಚಿಕ್ಕಮ್ಮ ಇರಲಿಲ್ಲ. ನಮ್ಮಿಬ್ಬರಲ್ಲಿ ಲೆಕ್ಕದಲ್ಲಿ ಜಾಣೆ ಅವಳೇ. ಜೂನ್ ತಿಂಗಳಲ್ಲಿ ಕೊಪ್ಪೆ ಹೊದ್ದು, ಇಂಬಳ ಕಿತ್ತುಹಾಕುತ್ತ ಹದಿನೈದು ದಿನ ನಡೆದಳು. ಸಂಜೆ ಲೈನು ಮುಟ್ಟುವಾಗ ಕತ್ತಲಾಗುತ್ತಿತ್ತು. ಜುಲೈ ಮಳೆಗೆ ಹಳ್ಳ ತುಂಬಿತು. ಅವಳ ಓದು ಮುಗಿಯಿತು. ಮುಂದಿನ ರಜೆಯಲ್ಲಿ ನಾನು ಊರಿಗೆ ಬಂದಾಗ ಅವಳು ಹಣ್ಣು ಕುಯ್ಯುವ ಸಾಲಿನಲ್ಲಿ ನಿಂತಿದ್ದಳು. ಇಬ್ಬರೂ ನಕ್ಕೆವು. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನು ಫ್ಯಾನಿ ಬುಲಕ್ ವರ್ಕ್‌ಮನ್ ಎಂಬ ಅಮೆರಿಕನ್ ಮಹಿಳೆಯ ಬಗ್ಗೆ ಓದಿದೆ. ಗಂಡನ ಜೊತೆ ಸ್ಪೇನ್ ದೇಶವನ್ನು ಸೈಕಲ್ಲಿನಲ್ಲಿ ಸುತ್ತಿದ ಈಕೆ, 1897ರ ಹೊತ್ತಿಗೆ ನಮ್ಮ ದೇಶಕ್ಕೆ ಬಂದು ದೇವಾಲಯಗಳನ್ನು ನೋಡುತ್ತ ಸಾವಿರಾರು ಮೈಲಿ ಸಂಚರಿಸಿದಳು. ದಂಪತಿಗಳು 1904ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಹದಿನಾಲ್ಕು ಸಾವಿರ ಮೈಲಿ ಎಂದಿದೆ. ಹಾಗೆಯೇ ಅದು ಭಾರತದ ಬಯಲಿನ ಪ್ರವಾಸ ಎಂದೂ ಇದೆ! ಆಮೇಲೆ ಆಕೆ ಹಿಮಾಲಯ ಹತ್ತಿದಳು. 1912ರಲ್ಲಿ ಸಿಯಾಚಿನ್ ಹಿಮನದಿಯ ಮೇಲೆ, ಹೆಂಗಸರಿಗೆ ಮತದಾನದ ಹಕ್ಕು ಬೇಕೆಂಬ ಪತ್ರಿಕೆಯನ್ನು ಹಿಡಿದು ನಿಂತ ಅವಳ ಚಿತ್ರವಿದೆ. ಹಣವಂತರ ಮನೆಯ ಹೆಂಗಸು, ಇರಲಿ. ನನಗೆ ಅದಕ್ಕಿಂತ ಹತ್ತಿರದ ಸಂಗತಿ ತಮಿಳುನಾಡಿನ ಪುದುಕ್ಕೋಟೆಯದು. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಸೇರಿಸಿದರು. ಕಲ್ಲುಕ್ವಾರಿಯ ಹೆಂಗಸರು, ಅಂಗನವಾಡಿಯವರು, ಶಾಲೆಯ ಟೀಚರುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಬಸ್ಸಿಗೆ ಕಾಯುವುದು, ಗಂಡಸರು ಕರೆದೊಯ್ಯಲಿ ಎಂದು ಕಾಯುವುದು ಎರಡೂ ತಪ್ಪಿತು.

ನಮ್ಮ ರಾಜ್ಯದಲ್ಲಿ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ಲು ಕೊಡಲು ತೊಡಗಿದ್ದು 2006-07ರಲ್ಲಿ. ಮುಂದೆ ಗಂಡುಮಕ್ಕಳಿಗೂ ಬಂತು. ನಮ್ಮ ಶಾಲೆಯ ಅಂಗಳದಲ್ಲಿ ಒಂದೇ ಬಣ್ಣದ ಸೈಕಲ್ಲುಗಳು ಸಾಲಾಗಿ ನಿಂತಾಗ ಸ್ಟಾಫ್ ರೂಮಿನಲ್ಲಿ ಮತ್ತೆ ಅದೇ ಹಾಸ್ಯ. ಬ್ರೇಕು ಸರಿಯಿಲ್ಲ, ಚೈನು ಕಳಚುತ್ತದೆ ಎಂಬ ದೂರುಗಳೂ ಇದ್ದವು. ನಾನೂ, “ಈ ಗುಡ್ಡದಲ್ಲಿ ಮಕ್ಕಳಿಗೆ ಸೈಕಲ್ಲು ಯಾಕೋ!” ಎಂದುಬಿಟ್ಟೆ. ಅಪ್ಪನ ಮಾತು ನನ್ನ ಬಾಯಲ್ಲಿ.

ಮರುವರ್ಷ ಆ ಗೆಳತಿಯ ಮಗಳು ನಮ್ಮ ಶಾಲೆಗೆ ಎಂಟನೇ ತರಗತಿಗೆ ಬಂದಳು. ಸೈಕಲ್ಲು ತೆಗೆದುಕೊಳ್ಳುವ ದಿನ ತಾಯಿಯೂ ಬಂದಿದ್ದಳು. “ಟೀಚರೇ ಅನ್ಲಾ, ಹೆಸರಿಡಿದು ಕರೀಲಾ?” ಎಂದಳು. ಹೆಸರೇ ಹಿಡಿ ಎಂದೆ. ನಿಮ್ಮ ಲೈನಿನ ಏರಿನಲ್ಲಿ ಈ ಹುಡುಗಿ ಸೈಕಲ್ಲು ಹೊಡೆದಾಳೆಯೇ ಎಂದು ಕೇಳಿದೆ.

“ಏರು ಬಂದ್ರೆ ತಳ್ತಾಳೆ ಮಾರಾಯ್ತಿ. ಇಳಿಜಾರಲ್ಲಿ ಕೂರ್ತಾಳೆ. ನಾನು ಎರಡೂ ಕಡೆ ನಡೀಬೇಕಿತ್ತಲ್ಲ.”

ನನಗೆ ತಪ್ಪಿಹೋಗಿದ್ದ ಲೆಕ್ಕ ಇದೇ. ಸೈಕಲ್ಲಿನಲ್ಲಿ ಅರ್ಧ ದಾರಿ ಮಾತ್ರ ಉಳಿಯುತ್ತದೆ ಎಂದು ನಗುವವರು ಕಾರು ಬಸ್ಸಿನ ಪಕ್ಕದಲ್ಲಿ ಅದನ್ನಿಟ್ಟು ನೋಡುತ್ತಾರೆ. ಪೂರ್ತಿ ನಡೆದವಳಿಗೆ ಅರ್ಧ ಉಳಿದರೆ, ಕತ್ತಲಾಗುವ ಮೊದಲು ಮನೆ ಸಿಗುತ್ತದೆ. ಹುಡುಗಿ ಶಾಲೆಯಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದು ಎಷ್ಟೋ ಸಲ ಆ ಒಂದು ಗಂಟೆಯ ಮೇಲೆ ನಿಂತಿರುತ್ತದೆ. ಗೆಳತಿಯ ಮಗಳು ಮೂರು ವರ್ಷವೂ ಬಂದಳು, ಎಸ್ಸೆಸ್ಸೆಲ್ಸಿ ಪಾಸಾದಳು.

ಆ ವರ್ಷವೇ ನಾನೂ ಕಲಿತೆ. ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಸೆರಗು ಸಿಕ್ಕಿಸಿ ಕೂತರೆ, ಎಂಟನೇ ತರಗತಿಯ ಹುಡುಗಿಯರು ಕ್ಯಾರಿಯರ್ ಹಿಡಿದು ಓಡುತ್ತಿದ್ದರು. ನನಗೆ ಪಾಠ ಹೇಳುವುದರಲ್ಲಿ ಅವರಿಗಿದ್ದ ಸಂತೋಷ ಹೇಳತೀರದು. ಎರಡು ಸಲ ಬಿದ್ದೆ. ಮೂರನೇ ವಾರ ಅವರು ಕೈಬಿಟ್ಟಿದ್ದು ನನಗೆ ಗೊತ್ತಾಗಲೇ ಇಲ್ಲ.

ಕಳೆದ ಡಿಸೆಂಬರಿನಲ್ಲಿ ನಾವು ಮೂವರು ಟೀಚರುಗಳು ಸೈಕಲ್ಲಿನಲ್ಲಿ ಅಯ್ಯನಕೆರೆಗೆ ಹೋಗಿಬಂದೆವು. ಮೊದಲ ದಿನ ಮೂಡಿಗೆರೆಯಿಂದ ಹ್ಯಾಂಡ್‌ಪೋಸ್ಟ್ ದಾಟಿ ಚಿಕ್ಕಮಗಳೂರು. ಸುಮಾರು ಮೂವತ್ತು ಕಿಲೋಮೀಟರು. ಕಣಿವೆಗಳಲ್ಲಿ ಇನ್ನೂ ಮಂಜು, ರಸ್ತೆಯ ಎರಡೂ ಕಡೆ ಹಣ್ಣಾದ ಅರೇಬಿಕಾ. ಕಾರಿನಲ್ಲಿ ನೂರು ಸಲ ಹೋದ ದಾರಿಯಲ್ಲಿ ಎಷ್ಟು ಮೋರಿಗಳಿವೆ, ಎಷ್ಟು ಹಳ್ಳ ಹರಿಯುತ್ತದೆ ಎಂದು ಅಂದೇ ತಿಳಿದದ್ದು. ನಮ್ಮ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಗೆ ಸೇರುತ್ತಾಳೆ. ನಾವು ಹೊರಟಿದ್ದು ತುಂಗಭದ್ರೆಗೆ ಸೇರುವ ವೇದಾವತಿಯ ಸೀಮೆಗೆ. ಭೂಪಟದಲ್ಲಿ ಕೋಲು ಹಿಡಿದು ತೋರಿಸಿದ್ದ ಆ ದಿಣ್ಣೆಯನ್ನು ಕಾಲಿನ ಮೀನಖಂಡ ಲೆಕ್ಕ ಹಾಕಿತು. ದೊಡ್ಡ ಏರುಗಳಲ್ಲಿ ಇಳಿದು ತಳ್ಳಿದೆವು, ನಾಚಿಕೆಯೇನೂ ಆಗಲಿಲ್ಲ.

ಎರಡನೇ ದಿನ ಸಖರಾಯಪಟ್ಟಣದ ಕಡೆಗೆ ನೆಲ ಸಮನಾಯಿತು, ಸೈಕಲ್ಲು ತಾನಾಗಿ ಓಡಿತು. ರುಕ್ಮಾಂಗದ ರಾಯ ಕಟ್ಟಿಸಿದನೆಂದು ಜನ ಹೇಳುವ, ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾದ ಅಯ್ಯನಕೆರೆ ತುಂಬಿತ್ತು. ಹಿಂದೆ ಶಕುನಗಿರಿ. ಏರಿಯ ಮೇಲಿನ ದಾರಿಯಲ್ಲಿ ನಿಧಾನ ತುಳಿಯುತ್ತ ಹೋಗುವಾಗ ಎದುರಿಗೆ ಹುಲ್ಲುಹೊರೆ ಹೊತ್ತ ಹುಡುಗಿಯೊಬ್ಬಳು ನಿಂತು ನಮ್ಮನ್ನೇ ನೋಡಿದಳು. “ಎಲ್ಲಿಂದ ಬಂದ್ರಿ ಅಜ್ಜಿ?” ಎಂದಳು. ಅಜ್ಜಿ ಎಂಬ ಮಾತಿಗೆ ನನ್ನ ಜೊತೆಯವರು ನಕ್ಕೆರಡಾದರು. ಮೂಡಿಗೆರೆಯಿಂದ ಎಂದೆ. “ಅಷ್ಟು ದೂರಾನಾ!” ಎಂದು ಹೊರೆ ಇಳಿಸಿ ಸೈಕಲ್ಲಿನ ಬೆಲ್ಲು ಒತ್ತಿ ನೋಡಿದಳು. ನಿನಗೆ ಬರುತ್ತದೆಯೇ ಎಂದು ಕೇಳಿದರೆ ತಲೆಯಾಡಿಸಿದಳು. ಶಾಲೆಯಲ್ಲಿ ಈಗ ಕೊಡುವುದಿಲ್ಲವಂತೆ, ಅಕ್ಕನಿಗೆ ಕೊಟ್ಟಿದ್ದರಂತೆ.

ನಿಜ. 2020ರಲ್ಲಿ ಕೋವಿಡ್ ಬಂದಾಗ ನಿಂತ ವಿತರಣೆಯಿಂದಾಗಿ ಆಮೇಲಿನ ಎಷ್ಟೋ ಮಕ್ಕಳು ಸೈಕಲ್ಲು ಕಾಣದೆ ಹೈಸ್ಕೂಲು ಮುಗಿಸಿದರು. ಎಷ್ಟು ಮಕ್ಕಳು ಮುಗಿಸಲಿಲ್ಲ ಎಂಬುದು ಆಯಾ ಊರಿನ ಟೀಚರುಗಳಿಗೆ ಗೊತ್ತು.

ನಾನು ಆ ಹುಡುಗಿಯನ್ನು ಸೀಟಿನ ಮೇಲೆ ಕೂರಿಸಿ, ಕ್ಯಾರಿಯರ್ ಹಿಡಿದುಕೊಂಡೆ. ಏರಿಯ ದಾರಿ ಸಪಾಟಾಗಿತ್ತು. ಹಿಡಿದು ಓಡುವುದು ಎಷ್ಟು ಕಷ್ಟದ ಕೆಲಸ ಎಂದು, ನನಗಾಗಿ ಓಡಿದ ಆ ಹುಡುಗಿಯರನ್ನು ನೆನೆದುಕೊಂಡೆ.