ಸಾಲಜೋಪೈರಿನ್: ಕರುಳಿನ ಉರಿಯೂತದ ಒಂದು ಔಷಧದ ಚರಿತ್ರೆ

ಔಷಧವೊಂದು ರೋಗವನ್ನು ಶಮನಗೊಳಿಸುವುದೆಂಬುದು ಒಂದು ವಿಷಯ. ಯಾವ ಕಾರಣದಿಂದ ಶಮನಗೊಳಿಸುವುದೆಂಬುದು ಮತ್ತೊಂದು. ಮೊದಲನೆಯದು ಅನುಭವದಿಂದ ತಿಳಿಯುವುದು. ಎರಡನೆಯದಕ್ಕೆ ಪರೀಕ್ಷೆಯು ಬೇಕು. ಇವೆರಡರ ನಡುವೆ ಎಷ್ಟು ಕಾಲ ಕಳೆಯಬಹುದು, ಆ ಅವಧಿಯಲ್ಲಿ ರೋಗಿಗಳು ಯಾವ ಬೆಲೆಯನ್ನು ತೆರಬೇಕಾಗಬಹುದು ಎಂಬುದಕ್ಕೆ ಸ್ವೀಡನ್ ದೇಶದಲ್ಲಿ ಹುಟ್ಟಿದ ಸಾಲಜೋಪೈರಿನ್ ಎಂಬ ಔಷಧದ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

ದೊಡ್ಡ ಕರುಳಿನ ಒಳಪೊರೆಯು ಕೆಂಪೇರಿ, ಹುಣ್ಣಾಗಿ, ರಕ್ತಮಿಶ್ರಿತವಾದ ಭೇದಿಯನ್ನುಂಟುಮಾಡುವ ರೋಗಕ್ಕೆ ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರು. 1932ರಲ್ಲಿ ನ್ಯೂಯಾರ್ಕ್ ನಗರದ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಆಪನ್‌ಹೈಮರ್ ಎಂಬ ವೈದ್ಯರು ವರ್ಣಿಸಿದ ಕ್ರೋನ್ ರೋಗವು ಇದಕ್ಕೆ ಸಜಾತೀಯವಾದುದು. ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ಅಡಗದೆ ಕರುಳಿನ ಗೋಡೆಯನ್ನು ನೋಯಿಸುತ್ತಿರುವುದು ಇವೆರಡರ ಸಾಮಾನ್ಯ ಲಕ್ಷಣ. ರೋಗವು ಕೆಲಕಾಲ ಅಡಗಿ ಮತ್ತೆ ಕೆರಳುವುದರಿಂದ ರೋಗಿಯು ವರ್ಷಗಟ್ಟಲೆ ಔಷಧವನ್ನು ಸೇವಿಸಬೇಕಾಗುವುದು.

1935ರಲ್ಲಿ ಜರ್ಮನಿಯ ಡೊಮಾಕ್ ಎಂಬ ವಿಜ್ಞಾನಿಯು ಪ್ರಾಂಟೊಸಿಲ್ ಎಂಬ ಬಣ್ಣದ ದ್ರವ್ಯವು ರೋಗಾಣುಗಳನ್ನು ಅಡಗಿಸುವುದನ್ನು ಪ್ರಕಟಿಸಿದನು. ಅದೇ ವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಆ ದ್ರವ್ಯವು ದೇಹದೊಳಗೆ ಒಡೆಯುವುದೆಂದೂ, ಅದರಿಂದ ಹೊರಬೀಳುವ ಸಲ್ಫಾ ಭಾಗವೇ ಗುಣಕಾರಿಯೆಂದೂ ತೋರಿಸಿದರು. ಸಲ್ಫಾ ಔಷಧಗಳ ಕೀರ್ತಿಯು ಹೀಗೆ ಹಬ್ಬಿದ್ದ ಕಾಲದಲ್ಲಿ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಿಕೆಯಾಗಿದ್ದ ನಾನ್ನಾ ಸ್ವಾರ್ಟ್ಸ್ ಎಂಬಾಕೆಯು ಸಂಧಿವಾತದ ಚಿಕಿತ್ಸೆಯನ್ನು ಕುರಿತು ಯೋಚಿಸುತ್ತಿದ್ದಳು. ಸಂಧಿವಾತಕ್ಕೆ ರೋಗಾಣುಗಳೇ ಮೂಲವೆಂಬ ಊಹೆಯು ಆಗ ಪ್ರಬಲವಾಗಿದ್ದಿತು. ರೋಗಾಣುವನ್ನು ಅಡಗಿಸಲು ಸಲ್ಫಾಪಿರಿಡಿನ್, ನೋವು ಉರಿಗಳನ್ನು ತಗ್ಗಿಸಲು ಸ್ಯಾಲಿಸಿಲಿಕ್ ಆಮ್ಲ, ಇವೆರಡನ್ನೂ ಏಜೋ ಎಂಬ ರಾಸಾಯನಿಕ ಬಂಧದಿಂದ ಒಂದಾಗಿಸಿದ ದ್ರವ್ಯವನ್ನು ಫಾರ್ಮಾಸಿಯಾ ಸಂಸ್ಥೆಯ ನೆರವಿನಿಂದ ಆಕೆಯು ಪಡೆದಳು. ಅದೇ ಸಾಲಜೋಪೈರಿನ್. ಕೀಲುಗಳಿಗಾಗಿ ಹುಟ್ಟಿದ ಈ ಔಷಧವು ಕರುಳಿನ ರೋಗಿಗಳಲ್ಲಿ ವಿಶೇಷವಾದ ಗುಣವನ್ನು ತೋರಿತು. ಈ ಫಲವನ್ನು ಆಕೆಯು 1942ರಲ್ಲಿ ಪ್ರಕಟಿಸಿದಳು.

ಔಷಧವು ಪ್ರಚಾರಕ್ಕೆ ಬಂದಿತು. ಅದರ ಕಾರಣವು ಮಾತ್ರ ಮರೆಯಾಗಿಯೇ ಉಳಿಯಿತು. ಸಮಾಸವೊಂದನ್ನು ಬಿಡಿಸುವಾಗ ಪೂರ್ವಪದವು ಪ್ರಧಾನವೋ ಉತ್ತರಪದವು ಪ್ರಧಾನವೋ ಎಂದು ವೈಯಾಕರಣರು ವಿಚಾರಿಸುವರು. ಅಂಥ ಪ್ರಶ್ನೆಯೇ ಇಲ್ಲಿಯೂ ಹುಟ್ಟಿತು. 1972ರಲ್ಲಿ ಪೆಪ್ಪರ್‌ಕಾರ್ನ್ ಮತ್ತು ಗೋಲ್ಡ್‌ಮನ್ ಎಂಬುವರು ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಈ ದ್ರವ್ಯವು ಒಡೆಯುವುದಿಲ್ಲವೆಂದು ಕಂಡುಕೊಂಡರು. ಅದನ್ನು ಬಿಡಿಸುವವು ಕರುಳಿನ ಸೂಕ್ಷ್ಮಜೀವಿಗಳೆಂಬುದು ಇದರಿಂದ ಸಿದ್ಧಿಸಿತು. ಇನ್ನು ಯಾವ ಭಾಗವು ಪ್ರಧಾನವೆಂಬುದು ಉಳಿಯಿತು. 1977ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಜಾದ್ ಖಾನ್, ಪಿರಿಸ್, ಟ್ರೂಲವ್ ಎಂಬುವರು ಅಖಂಡ ಔಷಧವನ್ನೂ ಅದರ ಎರಡು ಭಾಗಗಳನ್ನೂ ಬೇರೆ ಬೇರೆ ರೋಗಿಗಳಿಗೆ ಬಸ್ತಿಯ ಮೂಲಕ ಕೊಟ್ಟು ಹೋಲಿಸಿದರು. ಅಖಂಡ ಔಷಧದಷ್ಟೇ ಗುಣವನ್ನು ಐದು-ಅಮಿನೋಸ್ಯಾಲಿಸಿಲಿಕ್ ಆಮ್ಲವೊಂದೇ ತೋರಿತು. ಸಲ್ಫಾ ಭಾಗವು ತೋರಲಿಲ್ಲ. ಪ್ರಾಂಟೊಸಿಲ್ಲಿನಲ್ಲಿ ಗುಣಕಾರಿಯಾಗಿದ್ದ ಸಲ್ಫಾ ಇಲ್ಲಿ ಕೇವಲ ವಾಹನವಾಗಿದ್ದಿತು.

ಆದರೆ ವಾಹನವೂ ನಿರರ್ಥಕವಲ್ಲ. ಆ ಆಮ್ಲವನ್ನು ಬರಿದಾಗಿ ನುಂಗಿದರೆ ಅದು ಸಣ್ಣ ಕರುಳಿನಲ್ಲಿಯೇ ಬಹುಮಟ್ಟಿಗೆ ರಕ್ತಕ್ಕೆ ಸೇರಿಹೋಗುವುದು. ಬಂಧದಲ್ಲಿರುವಾಗ ಅದು ದೊಡ್ಡ ಕರುಳಿನವರೆಗೆ ಸಾಗಿ, ಅಲ್ಲಿ ಬಿಡುಗಡೆಯಾಗಿ ಒಳಪೊರೆಯ ಮೇಲೆ ನೇರವಾಗಿ ವರ್ತಿಸುವುದು. ಉರಿಯನ್ನು ಹಬ್ಬಿಸುವ ಪ್ರಾಸ್ಟಾಗ್ಲಾಂಡಿನ್, ಲ್ಯೂಕೋಟ್ರೈಯೀನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ಅದು ತಗ್ಗಿಸುವುದು. ಜೀವಕೋಶದೊಳಗೆ ಉರಿಯೂತಕ್ಕೆ ಅಪ್ಪಣೆ ಕೊಡುವ ಸಂಕೇತಗಳನ್ನೂ ಅಡಗಿಸುವುದು. ಪಿಪಿಎಆರ್-ಗಾಮಾ ಎಂಬ ಗ್ರಾಹಕವು ಇದರಲ್ಲಿ ಮುಖ್ಯವೆಂದು 2005ರ ಶೋಧನೆಯೊಂದು ತೋರಿಸಿತು. ಉರಿಯೂತಶಾಮಕವೆಂಬ ಹೆಸರೊಂದನ್ನೇ ನಂಬಲಾಗದೆಂಬುದೂ ಇಲ್ಲಿ ಸ್ಮರಣೀಯ: ಕೀಲುನೋವಿಗೆ ಕೊಡುವ ಐಬುಪ್ರೊಫೇನ್ ಮುಂತಾದವು ಪ್ರಾಸ್ಟಾಗ್ಲಾಂಡಿನ್‌ಗಳನ್ನು ತಗ್ಗಿಸುವವಾದರೂ ಕರುಳಿನ ಈ ರೋಗವನ್ನು ಕೆಲವರಲ್ಲಿ ಕೆರಳಿಸಬಲ್ಲವು.

ಈ ನಿರ್ಣಯವು ಕೇವಲ ಪಾಂಡಿತ್ಯದ ವಿಷಯವಾಗಿರಲಿಲ್ಲ. ತಲೆನೋವು, ವಾಕರಿಕೆ, ಪುರುಷರಲ್ಲಿ ತಾತ್ಕಾಲಿಕವಾದ ಬಂಜೆತನ ಮೊದಲಾದ ತೊಂದರೆಗಳಲ್ಲಿ ಹೆಚ್ಚಿನವು ರಕ್ತಕ್ಕೆ ಸೇರುವ ಸಲ್ಫಾ ಭಾಗದಿಂದ ಬರುತ್ತಿದ್ದವು. ಗುಣಕಾರಿಯಲ್ಲದ ಭಾಗದ ಬಾಧೆಯನ್ನು ರೋಗಿಗಳು ಮೂರು ದಶಕಗಳಿಗೂ ಮಿಕ್ಕಿ ಸಹಿಸಿದ್ದರು. ಆ ಭಾಗವನ್ನು ಬಿಟ್ಟು, ದೊಡ್ಡ ಕರುಳಿನತ್ತ ಸಾಗಿದ ಮೇಲೆ ಕರಗುವ ಲೇಪದೊಳಗೆ ಆಮ್ಲವನ್ನಿಟ್ಟ ಮೆಸಲಜೀನ್ ಗುಳಿಗೆಗಳು 1980ರ ದಶಕದಲ್ಲಿ ಬಂದವು. ಅಲ್ಸರೇಟಿವ್ ಕೊಲೈಟಿಸ್ ರೋಗದ ಸೌಮ್ಯ ಮತ್ತು ಮಧ್ಯಮ ಅವಸ್ಥೆಗಳಲ್ಲಿ ಇಂದಿಗೂ ಅವೇ ಮೊದಲ ಆಶ್ರಯ. ಕ್ರೋನ್ ರೋಗದಲ್ಲಿ ಮಾತ್ರ ಅವುಗಳ ಪ್ರಯೋಜನವು ಅಲ್ಪ.

ಸಂಧಿವಾತದ ವಿಷಯವು ಇದಕ್ಕೆ ವಿಪರೀತವಾದುದು. 1985ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕೀಲುಗಳಿಗೆ ಗುಣ ಕೊಟ್ಟುದು ಸಲ್ಫಾ ಭಾಗವೇ ಎಂದು ಕಂಡುಬಂದಿತು. ಸಮಾಸವು ಒಂದೇ, ರೋಗವು ಬೇರೆಯಾದಂತೆ ಪ್ರಧಾನಪದವೂ ಬೇರೆಯಾಯಿತು. 1986ರಲ್ಲಿ ತೀರಿಕೊಂಡ ನಾನ್ನಾ ಸ್ವಾರ್ಟ್ಸಳ ಊಹೆಯು ಪೂರ್ಣವಾಗಿ ನಿಲ್ಲಲಿಲ್ಲ. ಅವಳ ಔಷಧವು ನಿಂತಿತು. ಫಲವು ಕಂಡಿತೆಂದು ಕಾರಣದ ಶೋಧನೆಯನ್ನು ಕೈಬಿಡದವರಿಂದಲೇ ಅದರ ಹಿತವು ಬಾಧೆಯಿಂದ ಬೇರ್ಪಟ್ಟಿತೆಂಬುದನ್ನು ಈ ಚರಿತ್ರೆಯು ಸ್ಪಷ್ಟಪಡಿಸುವುದು.